ಒಡೆಯದೆ ಒಳಗೆ ನೋಡುವುದು

ನಮ್ಮ ತಿಪಟೂರು ಸೀಮೆಯಲ್ಲಿ ಅಟ್ಟದ ಕಾಯಿ ಕೊಬ್ಬರಿಯಾಯಿತೇ ಎಂದು ತಿಳಿಯಲು ಒಡೆಯಬೇಕಿಲ್ಲ; ಕಿವಿ ಹತ್ತಿರ ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಎಂಆರ್‌ಐ ಯಂತ್ರವೂ ತಲೆ ತೆರೆಯದೆ ಮಿದುಳಿನ ಚಿತ್ರ ಕೊಡುತ್ತದೆ. ಆದರೆ ಮಕ್ಕಳೇ, ಅರೆತಲೆನೋವಿನವರ ಚಿತ್ರದಲ್ಲಿ ಸಾಮಾನ್ಯವಾಗಿ ಏನೂ ಕಾಣದು! ಮಿದುಳಿಗೆ ಸ್ವತಃ ನೋವು ತಿಳಿಯುವುದಿಲ್ಲ. ನೋಯುವುದು ಅದರ ಹೊದಿಕೆಯ ನರಗಳು. ಅಮ್ಮ ಕತ್ತಲೆ ಕೋಣೆ ಸೇರಿದರೆ ‘ಸ್ಕ್ಯಾನಿನಲ್ಲಿ ಏನೂ ಇಲ್ಲವಲ್ಲ’ ಎಂದು ಗೊಣಗುವ ಮನೆಗಳುಂಟು. ನಿಮ್ಹಾನ್ಸ್ ತಜ್ಞರು 2009-10ರಲ್ಲಿ ಬೆಂಗಳೂರು ಮತ್ತು ಸುತ್ತಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 2,329 ವಯಸ್ಕರನ್ನು ವಿಚಾರಿಸಿದರು. ನೂರಕ್ಕೆ ಸುಮಾರು 25 ಮಂದಿಗೆ ವರ್ಷದೊಳಗೆ ಅರೆತಲೆನೋವು ಬಂದಿತ್ತು. ಹೆಂಗಸರಲ್ಲಿ, ಹಳ್ಳಿಯವರಲ್ಲಿ ಹೆಚ್ಚು. ಬ್ಯಾಂಕಿನಲ್ಲಿ ಲೆಕ್ಕ ಬರೆದವನು ನಾನು, ಇದು ಸಣ್ಣ ಮೊತ್ತವಲ್ಲ. ಸಿಡಿಲು ಬಡಿದಂತೆ ದಿಢೀರನೆ ನೋವು ಬಂದರೆ, ಕೈಕಾಲು ಸೋತರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಅಲ್ಲಿ ಸ್ಕ್ಯಾನ್ ಜೀವ ಉಳಿಸುತ್ತದೆ.