ಎರಡು ರಾತ್ರಿ, ಮೂರು ಹಗಲು

ಘಟ್ಟದ ರಸ್ತೆಯ ತಿರುವುಗಳಲ್ಲಿ ಈಗ ಎಲ್ಲೆಲ್ಲೂ ಫಲಕಗಳು. 'ಎರಡು ರಾತ್ರಿ, ಮೂರು ಹಗಲು' ಎಂದು ದಪ್ಪ ಅಕ್ಷರಗಳಲ್ಲಿ ಬರೆದು, ಅದರ ಕೆಳಗೆ ತಲೆಗೆ ಇಷ್ಟು ರೂಪಾಯಿ ಎಂದು ನಮೂದಿಸಿರುತ್ತಾರೆ. ಅಡಿಕೆಯ ರೋಗ, ಕೂಲಿಯ ಅಭಾವ, ಮಕ್ಕಳ ವಿದ್ಯಾಭ್ಯಾಸದ ಖರ್ಚುಗಳ ನಡುವೆ ಬಸವಳಿದ ಕುಟುಂಬವೊಂದು ಹೋಂಸ್ಟೇ ತೆರೆದರೆ ಅದನ್ನು ತಪ್ಪೆನ್ನಲು ನಮಗೆ ಅಧಿಕಾರವಿಲ್ಲ. ಆದರೆ ಇದೇ ಎರಡು ರಾತ್ರಿ, ಮೂರು ಹಗಲಿನ ಲೆಕ್ಕವನ್ನು ಪಾಲಿಸುವ ಇನ್ನೊಂದು ಬಳಗವೂ ಜಗತ್ತಿನಲ್ಲಿದೆ. ಅಲ್ಲಿ ರೂಪಾಯಿಯ ಸಾಲು ಇಲ್ಲ. ಆ ಬಳಗದ ಹೆಸರು ಸರ್ವಾಸ್. ಈ ಸಂಚಿಕೆಯಲ್ಲಿ ಅದರ ಕುರಿತು ಓದುಗರ ಗಮನ ಸೆಳೆಯಬಯಸುತ್ತೇವೆ.

ಎರಡನೆಯ ಮಹಾಯುದ್ಧ ಮುಗಿದು ನಾಲ್ಕೇ ವರ್ಷಗಳಾಗಿದ್ದ 1949ರಲ್ಲಿ, ಡೆನ್ಮಾರ್ಕಿನಲ್ಲಿ ಈ ಬಳಗ ಹುಟ್ಟಿತು. ಅದರ ಮೂಲಪುರುಷ ಬಾಬ್ ಲೂಯಿಟ್‌ವೈಲರ್ ಅಮೆರಿಕದವರು. ಯುದ್ಧದ ಕಾಲದಲ್ಲಿ ಆಯುಧ ಹಿಡಿಯಲು ಮನಸ್ಸಾಕ್ಷಿ ಒಪ್ಪದೆ ಸೆರೆಮನೆ ಸೇರಿದವರು. ಗಾಂಧೀಜಿಯವರ ಅಹಿಂಸೆಯ ವಿಚಾರಗಳಿಂದ ಪ್ರಭಾವಿತರಾದವರು. ಯುದ್ಧಾನಂತರ ಅವರು ಡೆನ್ಮಾರ್ಕಿನ ಆಸ್ಕೋವ್‌ನಲ್ಲಿದ್ದ ಜನತಾ ವಿದ್ಯಾಲಯವನ್ನು ಸೇರಿದರು. ಪರೀಕ್ಷೆಯಿಲ್ಲದ, ಪದವಿ ಪತ್ರವಿಲ್ಲದ, ರೈತಾಪಿ ಯುವಜನರು ಒಟ್ಟಿಗೆ ವಾಸವಿದ್ದು ಕಲಿಯುವ ಈ ಬಗೆಯ ಶಾಲೆಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಗ್ರುಂಟ್‌ವಿಗ್ ಎಂಬ ಚಿಂತಕರ ಪ್ರೇರಣೆಯಿಂದ ಆರಂಭವಾದವು. ಹಿಂದಿನ ಮೈಸೂರು ರಾಜ್ಯದ ವಯಸ್ಕರ ಶಿಕ್ಷಣ ಸಮಿತಿಯು ಹಳ್ಳಿಯ ಯುವಕರಿಗಾಗಿ ನಡೆಸಿದ ವಿದ್ಯಾಪೀಠಗಳಿಗೂ ಇವೇ ಮಾದರಿಯಾಗಿದ್ದವು. ಹೀಗಾಗಿ ಸರ್ವಾಸ್ ಹುಟ್ಟಿದ ಮಣ್ಣು ನಮಗೆ ತೀರಾ ಅಪರಿಚಿತವಾದುದಲ್ಲ.

ಆರಂಭದಲ್ಲಿ ಈ ಬಳಗ ತನ್ನನ್ನು 'ಶಾಂತಿಯನ್ನು ಕಟ್ಟುವವರು' ಎಂಬ ಅರ್ಥದ ಹೆಸರಿನಿಂದ ಕರೆದುಕೊಂಡಿತ್ತು. 1952ರಲ್ಲಿ ಸರ್ವಾಸ್ ಎಂಬ ಹೆಸರು ಬಂದಿತು. ಅದು ಯಾವ ದೇಶದ ಸ್ವತ್ತೂ ಅಲ್ಲದ ಎಸ್ಪೆರಾಂಟೊ ಭಾಷೆಯ ಪದ. ಸೇವೆ ಮಾಡುತ್ತೇವೆ ಎಂಬುದು ಅದರ ಭಾವ. ಯುರೋಪಿನ ನಗರಗಳು ಇನ್ನೂ ಬೂದಿಯಾಗಿ ಬಿದ್ದಿದ್ದ ಆ ದಿನಗಳಲ್ಲಿ, ನಿನ್ನೆಯವರೆಗೆ ಶತ್ರುವೆನಿಸಿದ್ದ ದೇಶದ ಯುವಕನನ್ನು ಊಟಕ್ಕೆ ಕೂರಿಸಿಕೊಳ್ಳುವುದು ಸುಲಭದ ಮಾತಾಗಿರಲಿಲ್ಲ. ರಾಜ್ಯಗಳ ನಡುವಣ ಒಪ್ಪಂದಗಳ ಮೇಲೆ ಮಾತ್ರವೇ ಭರವಸೆಯಿಟ್ಟರೆ ಸಾಲದು, ಜನ ಜನರನ್ನು ಅವರ ಅಡಿಗೆಮನೆಯಲ್ಲಿ, ಹೊಲದಲ್ಲಿ, ದುಡಿಮೆಯ ಜಾಗದಲ್ಲಿ ಕಾಣಬೇಕು ಎಂಬುದು ಆ ತರುಣರ ನಂಬಿಕೆಯಾಗಿತ್ತು. ಆದ್ದರಿಂದಲೇ ಅವರ ಮೊದಲ ಕಲ್ಪನೆಯಲ್ಲಿ ಪ್ರಯಾಣದ ಜೊತೆಗೆ ದುಡಿಮೆಯೂ ಅಧ್ಯಯನವೂ ಸೇರಿದ್ದವು. ಬಂದವನು ಆತಿಥೇಯರ ಕೆಲಸಕ್ಕೆ ಕೈಜೋಡಿಸುತ್ತಲೇ ಆ ನಾಡನ್ನು ತಿಳಿಯಬೇಕಿತ್ತು.

ಬಳಗದ ಕಟ್ಟಳೆಗಳು ಸರಳವಾದವು. ಪ್ರಯಾಣ ಹೊರಡುವವರು ತಮ್ಮ ದೇಶದ ಶಾಖೆಗೆ ಅರ್ಜಿ ಹಾಕಬೇಕು. ಸ್ವಯಂಸೇವಕರೊಬ್ಬರು ಅವರೊಡನೆ ಮುಖತಃ ಮಾತನಾಡಿ, ಉದ್ದೇಶ ಸರಿಯೆನಿಸಿದರೆ ಪರಿಚಯ ಪತ್ರ ಸಿಗುತ್ತದೆ. ಆ ಬಳಿಕ ಅವರು ತಾವು ಹೋಗುವ ನಾಡಿನ ಆತಿಥೇಯರಿಗೆ ಮುಂಚಿತವಾಗಿ ಬರೆದು ಕೇಳಬೇಕು. ಈಗ ಮಿಂಚಂಚೆಯಲ್ಲಿ ನಡೆಯುವ ಈ ವ್ಯವಹಾರ ಹಿಂದೆ ಮುದ್ರಿತ ಪಟ್ಟಿ ಮತ್ತು ಅಂಚೆಯ ಕಾಗದಗಳಿಂದಲೇ ನಡೆಯುತ್ತಿತ್ತು. ಆಗದು ಎನ್ನುವ ಹಕ್ಕು ಆತಿಥೇಯರಿಗೆ ಸದಾ ಉಂಟು. ಮನೆಯಲ್ಲಿ ಸ್ಥಳವಿಲ್ಲದವರು ಹಗಲಿನ ಕೆಲವು ಗಂಟೆಗಳನ್ನು ಮಾತ್ರ ನೀಡಬಹುದು. ವಾಡಿಕೆಯಂತೆ ವಾಸ್ತವ್ಯ ಎರಡು ರಾತ್ರಿಗಳದು. ಅತಿಥಿಯು ಆತಿಥೇಯರಿಗೆ ಹಣ ಕೊಡುವಂತಿಲ್ಲ, ಆತಿಥೇಯರು ಕೇಳುವಂತಿಲ್ಲ. ಕೊಡಬೇಕಾದುದು ಸಮಯ ಮತ್ತು ಮಾತು. ಬಂದವರು ಹಾಸಿಗೆಯನ್ನಷ್ಟೇ ಬಳಸಿಕೊಂಡು ಊರು ಸುತ್ತಲು ಹೊರಟುಬಿಟ್ಟರೆ ಅದು ಕಟ್ಟಳೆಗೆ ವಿರುದ್ಧವೆನಿಸುತ್ತದೆ. ಸದಸ್ಯತ್ವದ ಅಲ್ಪ ಶುಲ್ಕ ಬಳಗದ ಖರ್ಚಿಗೆ ಸಲ್ಲುತ್ತದೆ. ಇಂದು ಭಾರತವೂ ಸೇರಿದಂತೆ ನೂರಕ್ಕೂ ಹೆಚ್ಚು ದೇಶಗಳಲ್ಲಿ ಇದರ ಮನೆಗಳಿವೆ. 1973ರಿಂದ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯಲ್ಲಿ ಇದಕ್ಕೆ ಸಮಾಲೋಚಕ ಸ್ಥಾನವಿದೆ.

ಹಣವಿಲ್ಲದ ಈ ಬಗೆಯ ವ್ಯವಸ್ಥೆ ಎಷ್ಟು ದಿನ ಬಾಳೀತು ಎಂಬ ಸಂದೇಹ ಸಹಜ. ಅದಕ್ಕೆ ಉತ್ತರವಾಗಿ ಇನ್ನೊಂದು ಕಥೆಯನ್ನೂ ನೋಡಬೇಕು. 2004ರಲ್ಲಿ ಅಂತರ್ಜಾಲದ ಮೂಲಕ ಇದೇ ಆದರ್ಶದಿಂದ ಆರಂಭವಾದ ಕೌಚ್‌ಸರ್ಫಿಂಗ್ ಕೆಲವೇ ವರ್ಷಗಳಲ್ಲಿ ಸರ್ವಾಸ್‌ಗಿಂತ ಎಷ್ಟೋ ಪಾಲು ದೊಡ್ಡದಾಯಿತು. ಅಸಂಖ್ಯ ಸ್ವಯಂಸೇವಕರು ಪುಕ್ಕಟೆಯಾಗಿ ದುಡಿದು ಅದನ್ನು ಬೆಳೆಸಿದರು. 2011ರಲ್ಲಿ ಅದು ಹೂಡಿಕೆದಾರರ ಹಣ ಪಡೆದು ಲಾಭದ ಕಂಪನಿಯಾಯಿತು. 2020ರ ಮೇ ತಿಂಗಳಲ್ಲಿ, ಕೋವಿಡ್‌ನಿಂದ ಪ್ರಯಾಣವೆಲ್ಲ ನಿಂತಿದ್ದಾಗ, ಅನೇಕ ದೇಶಗಳ ಸದಸ್ಯರು ಹಣ ಕಟ್ಟದೆ ಒಳಹೊಕ್ಕಲಾಗದಂತೆ ಬಾಗಿಲು ಹಾಕಿತು. ತಾವೇ ಬರೆದಿಟ್ಟ ಪರಿಚಯ, ತಾವೇ ಕಟ್ಟಿಕೊಂಡ ಸ್ನೇಹದ ದಾಖಲೆಗಳನ್ನು ನೋಡಲು ಜನ ಶುಲ್ಕ ತೆರಬೇಕಾಯಿತು. ಊರೊಟ್ಟಿನ ಕೆರೆಗೆ ಬೇಲಿ ಬಿದ್ದಾಗ ಆಗುವುದನ್ನು ಮಲೆನಾಡಿನ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸರ್ವಾಸ್ ನಿಧಾನವಾಗಿ ಬೆಳೆಯಿತು, ಚಿಕ್ಕದಾಗಿಯೇ ಉಳಿಯಿತು. ಆದರೆ ಅದನ್ನು ಮಾರಲು ಯಾರಿಗೂ ಸಾಧ್ಯವಾಗಲಿಲ್ಲ.

ಹಾಗೆಂದು ಅದರ ಮಿತಿಗಳನ್ನು ಮರೆಮಾಚಲಾಗದು. ಈ ಎಪ್ಪತ್ತೈದು ವರ್ಷಗಳಲ್ಲಿ ಯಾವ ಯುದ್ಧವನ್ನೂ ಅದು ನಿಲ್ಲಿಸಿಲ್ಲ. ಆತಿಥ್ಯಕ್ಕೆ ಬೆಲೆಯಿಲ್ಲದಿದ್ದರೂ ವಿಮಾನಕ್ಕೆ ಬೆಲೆಯಿದೆ, ಆ ವಿಮಾನ ಆಕಾಶಕ್ಕೆ ಉಗುಳುವ ಹೊಗೆಯ ಬೆಲೆಯನ್ನು ಎಲ್ಲರೂ ತೆರುತ್ತಾರೆ. ಶ್ರೀಮಂತ ದೇಶದ ಯುವತಿ ಬೆನ್ನಚೀಲ ಹೊತ್ತು ಇಲ್ಲಿಗೆ ಬರುವಷ್ಟು ಸುಲಭವಾಗಿ ನಮ್ಮ ಹಳ್ಳಿಯ ವಿದ್ಯಾರ್ಥಿನಿ ಅಲ್ಲಿಗೆ ಹೋಗಲಾರಳು. ವೀಸಾ ಕೇಳಿದರೆ ಬ್ಯಾಂಕಿನ ಖಾತೆಯಲ್ಲಿ ಎಷ್ಟಿದೆ ತೋರಿಸು ಎನ್ನುತ್ತಾರೆ. ಯಾವಾಗಲೂ ಒಂದೇ ಕಡೆಯವರು ಬರುವವರಾಗಿ, ಇನ್ನೊಂದು ಕಡೆಯವರು ಬಡಿಸುವವರಾಗಿಯೇ ಉಳಿದರೆ ಅದು ಸಮಾನರ ಭೇಟಿಯಾಗದು. ಅತಿಥಿ ಸತ್ಕಾರದ ಹೆಸರಿನಲ್ಲಿ ಒಲೆಯ ಮುಂದೆ ಬೇಯುವವರು ಮನೆಯ ಹೆಂಗಸರು, ಜಗಲಿಯಲ್ಲಿ ಕುಳಿತು ವಿಶ್ವಶಾಂತಿಯ ಮಾತನಾಡುವವರು ಗಂಡಸರು ಎಂದಾದರಂತೂ ಶಾಂತಿಯ ಆರಂಭವೇ ತಪ್ಪಿದಂತೆ.

ಇಲ್ಲಿ ನಾವು ನಮ್ಮ ಕಡೆಗೂ ನೋಡಿಕೊಳ್ಳಬೇಕಾಗಿದೆ. ಬಂದವರಿಗೆ ಕಾಲಿಗೆ ನೀರು ಕೊಟ್ಟು, ಬೆಲ್ಲವನ್ನೋ ಆಸರಿಗೆಯನ್ನೋ ಮುಂದಿಟ್ಟು ಉಪಚರಿಸುವ ಮಲೆನಾಡಿನ ಪದ್ಧತಿಯನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ. ಸರ್ವಾಸ್ ಹೇಳುವುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು ಎಂದೂ ಹೇಳಿಬಿಡುತ್ತೇವೆ. ಅದು ಅರ್ಧ ಸತ್ಯ. ಬಂದವನು ಯಾರ ಪೈಕಿ ಎಂಬುದನ್ನು ತಿಳಿದ ಮೇಲೆಯೇ ಅವನು ಅಂಗಳದಲ್ಲಿ ನಿಲ್ಲಬೇಕೋ, ಜಗಲಿ ಹತ್ತಬೇಕೋ, ಒಳಗೆ ಎಲೆಯ ಮುಂದೆ ಕೂರಬೇಕೋ ಎಂಬುದು ತೀರ್ಮಾನವಾಗುತ್ತಿತ್ತು. ಅನೇಕ ಮನೆಗಳಲ್ಲಿ ಇಂದಿಗೂ ಹಾಗೆಯೇ ಆಗುತ್ತಿದೆ. ಫ್ರಾನ್ಸಿನಿಂದಲೋ ಜರ್ಮನಿಯಿಂದಲೋ ಬಂದವರಿಗೆ ಅಡಿಗೆಮನೆಯ ಬಾಗಿಲು ತೆರೆಯುತ್ತದೆ. ಮೂವತ್ತು ವರ್ಷ ಅದೇ ತೋಟದಲ್ಲಿ ದುಡಿದ ಕೆಳಗಿನ ಕೇರಿಯ ಮನುಷ್ಯನಿಗೆ ಚಹಾ ಅಂಗಳಕ್ಕೇ ಬರುತ್ತದೆ. ಸಾವಿರಾರು ಮೈಲಿ ದಾಟಿ ಬಂದವರೊಡನೆ ಆಗುವ ಸ್ನೇಹ ನೂರು ಮಾರು ದೂರದ ಕೇರಿಯವರೊಡನೆ ಆಗದಿದ್ದರೆ, ನಾವು ಸತ್ಕರಿಸುತ್ತಿರುವುದು ಅತಿಥಿಯನ್ನಲ್ಲ, ಅವರ ದೇಶದ ಹಿರಿಮೆಯನ್ನು.

ಆದುದರಿಂದ ಈ ಬಳಗದಿಂದ ನಾವು ಪಡೆಯಬೇಕಾದುದು ವಿದೇಶಯಾನದ ಕನಸನ್ನಲ್ಲ, ಅದರ ಕಟ್ಟಳೆಯನ್ನು. ಅದನ್ನು ಬಸ್ಸಿನ ದೂರದಲ್ಲಿಯೇ ಪ್ರಯೋಗಿಸಿ ನೋಡಬಹುದು. ಬಯಲುಸೀಮೆಯ ಕಾಲೇಜಿನ ವಿದ್ಯಾರ್ಥಿಯೊಬ್ಬ ಮಲೆನಾಡಿನ ಮನೆಯಲ್ಲಿ ಎರಡು ರಾತ್ರಿ ಉಳಿದು, ಮಳೆಗಾಲದ ಅಡಿಕೆ ತೋಟದ ಕೆಲಸ ಎಂಥದೆಂದು ಕಾಣಲಿ. ಇಲ್ಲಿಯ ಹುಡುಗಿ ರಾಯಚೂರಿನಲ್ಲೋ ವಿಜಯಪುರದಲ್ಲೋ ಒಂದು ಕುಟುಂಬದೊಡನಿದ್ದು, ಒಂದು ಕೊಡ ನೀರಿಗಾಗಿ ಕಾಯುವುದು ಎಂದರೇನೆಂದು ತಿಳಿಯಲಿ. ಮುಂಚಿತವಾಗಿ ಬರೆದು ಕೇಳುವುದು, ಪರಿಚಯಕ್ಕೆ ಅಧ್ಯಾಪಕರ ಪತ್ರ ತರುವುದು, ಮನೆಯವರು ಉಣ್ಣುವುದನ್ನೇ ಉಣ್ಣುವುದು, ಕೆಲಸಕ್ಕೆ ಕೈಜೋಡಿಸುವುದು, ಹಣದ ಮಾತೆತ್ತದಿರುವುದು - ಇಷ್ಟು ನಿಯಮ ಸಾಕು. ಇದಕ್ಕೆ ನಾವು ಇನ್ನೊಂದನ್ನು ಸೇರಿಸುತ್ತೇವೆ: ಬರುವವರ ಜಾತಿಯನ್ನು ಪತ್ರದಲ್ಲಾಗಲಿ ಬಾಗಿಲಲ್ಲಾಗಲಿ ಕೇಳಕೂಡದು.

ಹೀಗೆ ಎರಡು ರಾತ್ರಿಗಳಿಗೆ ಮನೆ ತೆರೆಯಲು ಸಿದ್ಧರಿರುವವರು ಹಾಗೂ ಹೋಗಬಯಸುವ ವಿದ್ಯಾರ್ಥಿಗಳು ನಮಗೆ ಬರೆದು ತಿಳಿಸಬೇಕೆಂದು ಕೋರುತ್ತೇವೆ. ಮೊದಲ ವರ್ಷ ಹತ್ತು ಮನೆಗಳು ದೊರೆತರೂ ಸಾಕು. ಬಂದವರೂ ಬರಮಾಡಿಕೊಂಡವರೂ ತಮ್ಮ ಅನುಭವವನ್ನು, ಕಹಿಯಿದ್ದರೆ ಕಹಿಯನ್ನೂ ಬಿಡದೆ, ಬರೆದು ಕಳುಹಿಸಲಿ. ಅವನ್ನು ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.