ಕೈ ಕೂಡಿಸದೆ ಹಿಡಿದ ಕುಸ್ತಿ

ನಮ್ಮ ಭಾಗದ ಜಾತ್ರೆಗಳಲ್ಲಿ ತೇರಿನ ಸಂಭ್ರಮದ ಜೊತೆಗೆ ಕುಸ್ತಿಗಳು ನಡೆಯುವದು ವಾಡಿಕೆ. ಕಣಕ್ಕಿಳಿದ ಪೈಲವಾನರಿಬ್ಬರು ಮೊದಲು ಬಗ್ಗಿ ಕೆಮ್ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುವರು. ಆಮೇಲೆ ಕೈಗೆ ಕೈ ಕೂಡಿಸುವರು. ಅದಾದ ಮೇಲೆಯೇ ಪಟ್ಟು. ಎದುರಾಳಿ ಬೇರೆ ಊರವನಿರಲಿ, ಬೇರೆ ಜಾತಿಯವನಿರಲಿ, ಹೋದ ವರ್ಷ ತನ್ನನ್ನು ಚಿತ್ತು ಮಾಡಿದವನೇ ಇರಲಿ, ಈ ಪದ್ಧತಿ ತಪ್ಪುವದಿಲ್ಲ. ಕೈ ಕೂಡಿಸಲು ಮನಸ್ಸಿಲ್ಲದವನಿಗೆ ಒಂದೇ ದಾರಿ: ಅವನು ಕಣಕ್ಕಿಳಿಯಬಾರದು.

2025ರ ಸಪ್ಟೆಂಬರ್ 14ರಂದು ದುಬೈಯಲ್ಲಿ ಭಾರತ ಮತ್ತು ಪಾಕಿಸ್ತಾನದ ಕ್ರಿಕೆಟ್ ತಂಡಗಳು ಏಶಿಯಾ ಕಪ್ಪಿನ ಸಲುವಾಗಿ ಆಡಿದವು. ಭಾರತ ಗೆದ್ದಿತು. ಆದರೆ ಆಟದ ಮೊದಲಾಗಲಿ ಆಟ ಮುಗಿದ ಮೇಲಾಗಲಿ ನಮ್ಮವರು ಎದುರಾಳಿಗಳಿಗೆ ಕೈ ಕೊಡಲಿಲ್ಲ. ಅದೇ ತಿಂಗಳು 28ರಂದು ಅಂತಿಮ ಪಂದ್ಯವನ್ನೂ ಗೆದ್ದ ನಮ್ಮ ತಂಡ, ಪಾಕಿಸ್ತಾನದ ಗೃಹಮಂತ್ರಿಯೂ ಏಶಿಯಾ ಕ್ರಿಕೆಟ್ ಮಂಡಳಿಯ ಅಧ್ಯಕ್ಷರೂ ಆದವರ ಕೈಯಿಂದ ಕಪ್ ಸ್ವೀಕರಿಸಲು ಒಪ್ಪಲಿಲ್ಲ. ಒಂದು ವಾರದ ನಂತರ, ಅಕ್ಟೋಬರ್ 5ರಂದು ಕೊಲಂಬೊದಲ್ಲಿ, ಎರಡು ದೇಶಗಳ ಹೆಣ್ಣುಮಕ್ಕಳ ತಂಡಗಳೂ ಹಾಗೆಯೇ ಕೈ ಕೂಡಿಸದೆ ಆಡಿ ಕೈ ಕೂಡಿಸದೆ ಮರಳಿದವು.

ಹೂವಿನ ಹಿಪ್ಪರಗಿಯಂಥ ಊರಿನಲ್ಲಿಯೂ ಚಹಾದಂಗಡಿಯ ಮುಂದೆ ಇದೇ ಮಾತು. 'ಮಾಡಿದ್ದು ಸರಿ' ಎಂದವರು ಬಹಳ ಮಂದಿ. ಅವರ ಸಿಟ್ಟನ್ನು ನಾವು ಹಗುರಾಗಿ ನೋಡುವದಿಲ್ಲ. 2025ರ ಏಪ್ರಿಲ್ 22ರಂದು ಪಹಲಗಾಮಿನಲ್ಲಿ 26 ಜನ ನಿರಪರಾಧಿಗಳನ್ನು ಗುಂಡಿಟ್ಟು ಕೊಂದರು. ಸತ್ತವರಲ್ಲಿ ಕರ್ನಾಟಕದವರೂ ಇದ್ದರು. ಹೆಂಡತಿ ಮಕ್ಕಳ ಕಣ್ಣೆದುರಿಗೆ ನಡೆದ ಆ ಕೊಲೆಗಳನ್ನು ಮರೆತುಬಿಡಿರೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ಅದೇ ಚಹಾದಂಗಡಿಯಲ್ಲಿ ಒಬ್ಬ ಕಿರಾಣಿ ವ್ಯಾಪಾರಿ ಕೇಳಿದ ಪ್ರಶ್ನೆ ನಮ್ಮ ಮನಸ್ಸಿನಲ್ಲಿ ಉಳಿದಿದೆ: 'ಕೈ ಕೊಡೂದಿಲ್ಲಂದ್ರ ಆಡಾಕ ಯಾಕ ಹೋದ್ರು?'

ಈ ಪ್ರಶ್ನೆ ಕೇಳುವ ಹಕ್ಕು ಆ ವ್ಯಾಪಾರಿಗೆ ಉಳಿದವರಿಗಿಂತ ಹೆಚ್ಚಾಗಿಯೇ ಇದೆ. ತೇರಿಗೆ ನಾವು ಎಸೆಯುವ ಉತ್ತತ್ತಿ ಬಹುಪಾಲು ಪಾಕಿಸ್ತಾನದಿಂದ ಬರುತ್ತಿತ್ತು. ಉಪವಾಸದ ದಿನ ಅಡಿಗೆಗೆ ಬಳಸುವ ಸೈಂಧವ ಲವಣವೂ ಅಲ್ಲಿಯದೇ. 2019ರ ಫೆಬ್ರುವರಿಯಲ್ಲಿ ಪುಲ್ವಾಮಾದ ಘಟನೆಯ ನಂತರ ಅಲ್ಲಿಯ ಎಲ್ಲ ಮಾಲಿನ ಮೇಲೆ ನಮ್ಮ ಸರಕಾರವು ಶೇಕಡಾ 200ರಷ್ಟು ಸುಂಕ ಹೇರಿತು. 2025ರ ಏಪ್ರಿಲ್‌ದಲ್ಲಿ ಅಟ್ಟಾರಿಯ ಗಡಿ ಮುಚ್ಚಿತು. ಮೇ ತಿಂಗಳಲ್ಲಿ ಆಮದು ಪೂರ್ಣ ಬಂದಾಯಿತು. ವ್ಯಾಪಾರಿ ತುಟಿ ಪಿಟ್ಟೆನ್ನಲಿಲ್ಲ. ದೇಶದ ಸಲುವಾಗಿ ಹಾನಿಯನ್ನು ಹೊತ್ತುಕೊಂಡನು. ಗಡಿಯಲ್ಲಿ ಮೂಟೆ ಹೊರುತ್ತಿದ್ದ ಹಮಾಲರ ಹೊಟ್ಟೆಯ ಮೇಲೆ ಬರೆ ಬಿದ್ದಿತು. ಈ ಕಡೆ ಕೊಟ್ಟ ಮಗಳನ್ನು ನೋಡಲು ಆ ಕಡೆಯ ಮುದುಕಿಗೆ ವೀಸಾ ಇಲ್ಲವಾಯಿತು. ಇಷ್ಟೆಲ್ಲ ಬಾಗಿಲುಗಳು ಮುಚ್ಚಿದಾಗ ತೆರೆದುಳಿದ ಬಾಗಿಲು ಒಂದೇ: ಹತ್ತು ಸೆಕೆಂದಿನ ಜಾಹೀರಾತಿಗೆ ಲಕ್ಷಗಟ್ಟಲೆ ರೂಪಾಯಿ ಎಣಿಸಿಕೊಳ್ಳುವ ಕ್ರಿಕೆಟ್ಟಿನ ಬಾಗಿಲು.

2025ರ ಆಗಸ್ಟಿನಲ್ಲಿ ಕೇಂದ್ರ ಕ್ರೀಡಾ ಖಾತೆಯು ತನ್ನ ಧೋರಣೆಯನ್ನು ಸ್ಪಷ್ಟಪಡಿಸಿತು: ಪಾಕಿಸ್ತಾನದೊಡನೆ ಇಬ್ಬರೇ ಆಡುವ ಪಂದ್ಯಗಳಿಲ್ಲ; ಅನೇಕ ದೇಶಗಳು ಸೇರುವ ಸ್ಪರ್ಧೆಗಳಲ್ಲಿ ಆಡಬಹುದು. ಇದಕ್ಕೆ ಕಾರಣವೂ ಇದೆ. ಒಲಿಂಪಿಕ್ ಕೂಟವನ್ನು ನಮ್ಮಲ್ಲಿ ನಡೆಸಬೇಕೆಂದು ಬಯಸುವ ದೇಶವು ಒಂದು ದೇಶದ ಆಟಗಾರರನ್ನು ಹೊರಗಿಡಲು ಬರುವದಿಲ್ಲ. ಒಳ್ಳೆಯದು, ಆಡುವದು ರಾಷ್ಟ್ರದ ಹಿತವೆಂದು ತೀರ್ಮಾನಿಸಿದ್ದಾದರೆ ಆಟದ ನಿಯಮವೂ ಮರ್ಯಾದೆಯೂ ಆ ತೀರ್ಮಾನದ ಜೊತೆಗೇ ಬರುತ್ತವೆ. ಮುಯ್ಯಿ ತೀರಿಸಿಕೊಂಡೆವೆಂಬ ಹೆಮ್ಮೆ ಜನಕ್ಕೆ, ಪಂದ್ಯದ ಆದಾಯ ಮಂಡಳಿಗೆ. ಇದು ಎರಡೂ ಕೈಗಳಿಂದ ಬಾಚುವ ವ್ಯಾಪಾರವೇ ಹೊರತು ಪ್ರತಿಭಟನೆಯಲ್ಲ.

ನಿಜವಾದ ಪ್ರತಿಭಟನೆ ಹೇಗಿರುತ್ತದೆಂಬುದನ್ನು ಈ ದೇಶವೇ ಒಮ್ಮೆ ತೋರಿಸಿದೆ. ದಕ್ಷಿಣ ಆಫ್ರಿಕೆಯ ಬಿಳಿಯರ ಸರಕಾರವು ಕರಿಯರನ್ನೂ ನಮ್ಮ ಮೂಲದವರನ್ನೂ ತುಳಿಯುತ್ತಿದ್ದಾಗ, ಸ್ವಾತಂತ್ರ್ಯ ಬರುವ ಮೊದಲೇ, 1946ರಲ್ಲಿ, ಭಾರತವು ಅದರೊಡನೆ ವ್ಯಾಪಾರವನ್ನು ಕಡಿದುಕೊಂಡಿತು. 1974ರಲ್ಲಿ ನಮ್ಮ ಟೆನಿಸ್ ತಂಡ ಡೇವಿಸ್ ಕಪ್ಪಿನ ಅಂತಿಮ ಸುತ್ತನ್ನು ಮುಟ್ಟಿತು. ಎದುರಿಗೆ ಬಂದದ್ದು ಅದೇ ದಕ್ಷಿಣ ಆಫ್ರಿಕ. ಭಾರತವು ಆಡಲಿಲ್ಲ. ಆಡದೆಯೇ ಕಪ್ ಅವರ ಪಾಲಾಯಿತು. ಆ ಕಪ್ಪನ್ನು ಭಾರತ ಅದಕ್ಕೂ ಮೊದಲು ಗೆದ್ದಿರಲಿಲ್ಲ, ಆಮೇಲೂ ಗೆದ್ದಿಲ್ಲ. ಕಳೆದುಕೊಂಡದ್ದು ಎಷ್ಟೆಂಬುದು ತಿಳಿದೇ ಕಳೆದುಕೊಂಡೆವು. ಅಲ್ಲಿ ಅನ್ಯಾಯವು ಆಟದ ಅಂಗಳದೊಳಗೇ ಇತ್ತು: ಚರ್ಮದ ಬಣ್ಣ ನೋಡಿ ತಂಡ ಆರಿಸುತ್ತಿದ್ದರು. ಅವರೊಡನೆ ಆಡಬೇಡಿರೆಂದು ಜಗತ್ತನ್ನು ಕೇಳಿಕೊಂಡವರೂ ಅಲ್ಲಿಯ ತುಳಿತಕ್ಕೊಳಗಾದ ಜನರೇ. ವರ್ಣಭೇದದ ಕಟ್ಟು ಸಡಿಲಿದಾಗ, 1991ರ ನವೆಂಬರ್ 10ರಂದು, ಆ ದೇಶದ ತಂಡವನ್ನು ಅಂತರರಾಷ್ಟ್ರೀಯ ಕ್ರಿಕೆಟ್ಟಿಗೆ ಮರಳಿ ಬರಮಾಡಿಕೊಂಡದ್ದೂ ನಮ್ಮ ಕಲಕತ್ತೆಯೇ. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ನಮ್ಮ ಹೆಣ್ಣುಮಕ್ಕಳು ಅದೇ ದೇಶದ ತಂಡವನ್ನು ಸೋಲಿಸಿ ವಿಶ್ವಕಪ್ ಗೆದ್ದರು. ಗೆದ್ದ ಮೇಲೆ ಅಳುತ್ತಿದ್ದ ಎದುರಾಳಿಗಳನ್ನು ಅಪ್ಪಿಕೊಂಡು ಸಂತೈಸಿದರು. ಕೈ ಹಿಂದೆಗೆದುಕೊಳ್ಳಲೂ ಕೈ ಚಾಚಲೂ ಕಾಲವಿದೆ. ಎರಡಕ್ಕೂ ತತ್ವ ಬೇಕು.

ಹಾಗೆಂದು ಆಟದಿಂದ ದೇಶದೇಶಗಳ ನಡುವೆ ಸ್ನೇಹ ತಾನಾಗಿ ಬೆಳೆಯುತ್ತದೆಂಬ ಸವಿಮಾತನ್ನೂ ನಾವು ನಂಬುವದಿಲ್ಲ. 1987ರ ಫೆಬ್ರುವರಿಯಲ್ಲಿ ಎರಡೂ ಸೈನ್ಯಗಳು ಗಡಿಗೆ ಬಂದು ನಿಂತಿದ್ದಾಗ ಜನರಲ್ ಝಿಯಾ ಉಲ್ ಹಕ್ ಕ್ರಿಕೆಟ್ ನೋಡಲೆಂದು ಜಯಪುರಕ್ಕೆ ಬಂದರು, ಬಿಗಿ ಸಡಿಲಾಯಿತು. ಮರು ತಿಂಗಳು ಬೆಂಗಳೂರಿನ ಟೆಸ್ಟಿನಲ್ಲಿ ಗಾವಸ್ಕರ್ 96 ರನ್ ಗಳಿಸಿದರೂ ಪಾಕಿಸ್ತಾನ 16 ರನ್ನುಗಳಿಂದ ಗೆದ್ದಿತು. ಆದರೆ ಕಾಶ್ಮೀರದ ತಂಟೆ ಇದ್ದಲ್ಲಿಯೇ ಇದ್ದಿತು. 1999ರ ಜನವರಿ ಕೊನೆಗೆ ಚೆನ್ನೈಯಲ್ಲಿ ಗೆದ್ದ ಪಾಕಿಸ್ತಾನದವರಿಗೆ ಸಾವಿರಾರು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾಲ್ಕು ತಿಂಗಳು ಕಳೆಯುವದರೊಳಗೆ ಕಾರ್ಗಿಲ್ಲಿನಲ್ಲಿ ಗುಂಡು ಹಾರಿತು. 2004ರಲ್ಲಿ ನಮ್ಮ ಕರ್ನಾಟಕದ ರಾಹುಲ ದ್ರಾವಿಡ ರಾವಳಪಿಂಡಿಯಲ್ಲಿ 270 ರನ್ ಹೊಡೆದಾಗ ಅಲ್ಲಿಯ ಜನ ಮೆಚ್ಚಿ ಕೊಂಡಾಡಿದರು. ಭಾರತದಿಂದ ಹೋದ ಸಾವಿರಾರು ಜನರಿಗೆ ಲಾಹೋರಿನ ಪೇಟೆ ಆದರ ಮಾಡಿತು. ಎರಡು ದೇಶಗಳು ಆಡಿದ ಕೊನೆಯ ಟೆಸ್ಟ್ ನಡೆದದ್ದು 2007ರ ಡಿಸೆಂಬರದಲ್ಲಿ, ಅನಿಲ ಕುಂಬಳೆಯವರ ನಾಯಕತ್ವದಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ. ಮರುವರ್ಷ ನವೆಂಬರದಲ್ಲಿ ಮುಂಬಯಿಯ ಮೇಲೆ ದಾಳಿಯಾಯಿತು. ಚಪ್ಪಾಳೆಗೆ ಬಂದೂಕನ್ನು ತಡೆಯುವ ಶಕ್ತಿ ಇಲ್ಲ.

ಯುದ್ಧವನ್ನು ಹುಟ್ಟಿಸುವ ಶಕ್ತಿಯೂ ಚೆಂಡಿಗೆ ಇಲ್ಲ. 1969ರ ಜುಲೈದಲ್ಲಿ ಮಧ್ಯ ಅಮೇರಿಕೆಯ ಎಲ್ ಸಾಲ್ವಡಾರ್ ಮತ್ತು ಹೊಂಡುರಾಸ್ ದೇಶಗಳು ನಾಲ್ಕು ದಿನ ಕಾದಾಡಿದವು. ಅದಕ್ಕೆ ಜಗತ್ತು ಫುಟ್‌ಬಾಲ್ ಯುದ್ಧವೆಂದು ಹೆಸರಿಟ್ಟು ನಕ್ಕಿತು. ನಿಜ ಸಂಗತಿ ಬೇರೆ. ಎಲ್ ಸಾಲ್ವಡಾರಿನ ನೆಲವೆಲ್ಲ ಕೆಲವೇ ಜಮೀನ್ದಾರರ ಕೈಯಲ್ಲಿದ್ದುದರಿಂದ ಸುಮಾರು 3 ಲಕ್ಷ ಬಡ ರೈತರು ಹೊಂಡುರಾಸಿಗೆ ಗುಳೆ ಹೋಗಿದ್ದರು. ಅಲ್ಲಿಯ ಸರಕಾರ ತನ್ನ ದೊಡ್ಡ ಭೂಮಾಲಕರನ್ನು ಮುಟ್ಟುವ ಬದಲು ಈ ಬಡವರನ್ನು ಹೊರಗಟ್ಟಲು ಹೊರಟಿತು. ಮದ್ದು ನೆಲದ ಹಸಿವಿನದು; ಆಟ ಬರಿಯ ಕಡ್ಡಿ ಗೀರಿತು. ಹಾಗೆಯೇ 1971ರ ಏಪ್ರಿಲದಲ್ಲಿ ಅಮೇರಿಕೆಯ ಟೇಬಲ್ ಟೆನಿಸ್ ಆಟಗಾರರು ಚೀನಕ್ಕೆ ಹೋದರು. ಮರುವರ್ಷ ಅಧ್ಯಕ್ಷ ನಿಕ್ಸನ್ನರೇ ಹೋದರು. ಎರಡೂ ಸರಕಾರಗಳು ಒಳಗಿನಿಂದ ಅಗಳಿ ತೆಗೆದಿಟ್ಟ ಬಾಗಿಲನ್ನು ಚೆಂಡು ಹೊರಗಿನಿಂದ ತಟ್ಟಿತು, ಅಷ್ಟೆ.

ಹಾಗಾದರೆ ಆಟದಿಂದ ಆಗುವ ಲಾಭವೇನು? ಜನಸಾಮಾನ್ಯರು ಒಬ್ಬರ ಮುಖವನ್ನೊಬ್ಬರು ನೋಡುವ ಲಾಭ. ಇದು ಸಣ್ಣದಲ್ಲ. ಇದಕ್ಕೆ ನಮ್ಮ ಜಿಲ್ಲೆಯ ಮಗಳೇ ಸಾಕ್ಷಿ. ವಿಜಯಪುರದ ರಾಜೇಶ್ವರಿ ಗಾಯಕವಾಡ 2022ರ ಮಾರ್ಚ್ 6ರಂದು ನ್ಯೂಝಿಲಂಡದಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ 31 ರನ್ನಿಗೆ 4 ಜನರನ್ನು ಔಟ್ ಮಾಡಿದಳು. ಎದುರಾಳಿ ಪಾಕಿಸ್ತಾನ. ಭಾರತ 107 ರನ್ನುಗಳಿಂದ ಗೆದ್ದಿತು. ಆಟ ಮುಗಿದ ಮೇಲೆ ಪಾಕಿಸ್ತಾನದ ನಾಯಕಿ ಬಿಸ್ಮಾ ಮಾರೂಫಳ ತೋಳಿನಲ್ಲಿದ್ದ ಆರು ತಿಂಗಳ ಕೂಸನ್ನು ನಮ್ಮ ಹುಡುಗಿಯರು ಸುತ್ತುಗಟ್ಟಿ ಮುದ್ದಾಡಿದರು. ಆ ಚಿತ್ರವನ್ನು ಎರಡೂ ದೇಶಗಳ ಜನ ನೋಡಿ ಹಿಗ್ಗಿದರು. ಅದರಿಂದ ರಾಜೇಶ್ವರಿ ತೆಗೆದ ನಾಲ್ಕು ವಿಕೆಟ್ಟುಗಳಲ್ಲಿ ಒಂದಾದರೂ ಕಡಿಮೆಯಾಯಿತೆ? ಭಾರತದ ಮಾನಕ್ಕೆ ಕೂದಲೆಳೆಯಷ್ಟಾದರೂ ಕುಂದು ಬಂತೆ? ಮೂರೂವರೆ ವರ್ಷಗಳ ನಂತರ ಕೊಲಂಬೊದಲ್ಲಿ ಕೈ ಕೊಡದೆ ನಡೆದು ಹೋದದ್ದರಿಂದ ಪಹಲಗಾಮಿನ ಒಂದು ವಿಧವೆಯ ಕಣ್ಣೀರಾದರೂ ಒರೆಸಿದಂತಾಯಿತೆ?

ಈ ಕೈ ಕೊಡದಿರುವಿಕೆ ದುಬೈಯಲ್ಲಿಯೇ ನಿಲ್ಲುವದಿಲ್ಲ, ನಮ್ಮ ಓಣಿಯವರೆಗೂ ಬರುತ್ತದೆ. ಇದು ನಮ್ಮ ಮುಖ್ಯ ಆತಂಕ. ಇಂಥ ಪಂದ್ಯ ನಡೆದ ರಾತ್ರಿ ಎಷ್ಟು ಊರುಗಳಲ್ಲಿ ಮುಸಲ್ಮಾನ ಹುಡುಗರ ಮುಖವನ್ನು ಜನ ಓರೆಗಣ್ಣಿನಿಂದ ನೋಡುವದಿಲ್ಲ? 2017ರ ಜೂನದಲ್ಲಿ ಪಾಕಿಸ್ತಾನ ಒಂದು ಕಪ್ ಗೆದ್ದಾಗ ಮಧ್ಯಪ್ರದೇಶದ ಬುರ್ಹಾನಪುರ ಜಿಲ್ಲೆಯ ಮೊಹದ್ ಎಂಬ ಹಳ್ಳಿಯಲ್ಲಿ ಬಡ ಮುಸಲ್ಮಾನರನ್ನು, ಗೆದ್ದವರಿಗೆ ಜೈ ಅಂದರೆಂಬ ಆರೋಪದ ಮೇಲೆ, ಪೋಲೀಸರು ಹಿಡಿದೊಯ್ದರು. ಮೊದಲು ರಾಜದ್ರೋಹದ ಕಲಮು ಹಚ್ಚಿ ಆಮೇಲೆ ಅದನ್ನು ತಾವೇ ತೆಗೆದರು. 2023ರಲ್ಲಿ ನ್ಯಾಯಾಲಯವು ಅವರನ್ನು ನಿರ್ದೋಷಿಗಳೆಂದು ಬಿಟ್ಟಿತು. ಆರು ವರ್ಷ ಕೋರ್ಟಿಗೆ ಅಲೆದ ಕೂಲಿಯನ್ನು ಅವರಿಗೆ ತುಂಬಿಕೊಡುವವರಾರು? ಮೈದಾನದಲ್ಲಿ ದೊಡ್ಡವರು ಕೈ ಹಿಂದೆಗೆದುಕೊಂಡರೆ ಗಿರಣಿಯಲ್ಲಿ ಒಂದೇ ಪಾಳಿಯಲ್ಲಿ ದುಡಿಯುವ ಇಬ್ಬರು ಒಬ್ಬರನ್ನೊಬ್ಬರು ನೋಡುವ ಕಣ್ಣು ಬದಲಾಗುತ್ತದೆ. ಕಣ್ಣು ಬದಲಾದ ಕಾಮಗಾರರು ಕೂಡಿ ಬೋನಸ್ಸು ಕೇಳಲಾರರು. ಇದರ ಲಾಭ ಯಾರಿಗೆಂಬುದನ್ನು ಓದುಗರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿ. ದೇಶ ಒಡೆಯುವ ಮೊದಲು ಆಟದ ಸಾಮಾನುಗಳಿಗೆ ಸಿಯಾಲಕೋಟೆ ಹೆಸರಾಗಿತ್ತು. 1947ರಲ್ಲಿ ಅಲ್ಲಿಯ ಹಿಂದೂ ಕಸಬುದಾರರು ಉಟ್ಟ ಬಟ್ಟೆಯಲ್ಲಿ ಜಾಲಂಧರಕ್ಕೆ ಬಂದು ಅದೇ ಕಸಬನ್ನು ಮತ್ತೆ ಹೂಡಿದರು. ಅಂದಿನಿಂದ ಗಡಿಯ ಆ ಬದಿಗೂ ಈ ಬದಿಗೂ ಒಂದೇ ತರದ ಕೈಗಳು ಒಂದೇ ತರದ ಚೆಂಡು ಹೊಲಿಯುತ್ತ ಬಂದಿವೆ; ಒಂದೇ ತರದ ಬಿಡಿಗಾಸಿನ ಕೂಲಿ ಪಡೆಯುತ್ತ ಬಂದಿವೆ. ಸಿಯಾಲಕೋಟೆಯಲ್ಲಿ ಮಕ್ಕಳ ಕೈಯಿಂದ ಚೆಂಡು ಹೊಲಿಸುವದನ್ನು ನಿಲ್ಲಿಸಲು 1997ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವೇ ಬೇಕಾಯಿತು. ಆ ಕೈಗಳಿಗೆ ಒಂದರ ಮೇಲೊಂದಕ್ಕೆ ಹಗೆ ಇರಲು ಯಾವ ಕಾರಣವೂ ಇಲ್ಲ.

ನಮ್ಮ ಮಾತು ಇಷ್ಟೆ. ಕೊಲೆಗಾರರನ್ನೂ ಅವರನ್ನು ಸಾಕುವವರನ್ನೂ ದಂಡಿಸುವದು ಸರಕಾರದ ಕೆಲಸ. ಆ ಕೆಲಸವನ್ನು ಹನ್ನೊಂದು ಆಟಗಾರರ ಕೈಗೆ ಒಪ್ಪಿಸಿ ಕೈ ತೊಳೆದುಕೊಳ್ಳಬಾರದು. ಬಹಿಷ್ಕಾರವೇ ಸರಿಯೆಂದು ಕಂಡರೆ 1974ರಂತೆ ಪೂರ್ತಿ ಬಹಿಷ್ಕರಿಸಿ, ಹಾನಿಯನ್ನು ಎಲ್ಲರೂ ಸಮನಾಗಿ ಹೊರಲಿ. ಕಿರಾಣಿ ಅಂಗಡಿಯವನಿಗೊಂದು ನ್ಯಾಯ, ಕ್ರಿಕೆಟ್ ಮಂಡಳಿಗೊಂದು ನ್ಯಾಯ ಬೇಡ. ಆಡುವದೇ ಸರಿಯೆಂದಾದರೆ ಪೂರ್ತಿ ಆಡಿ, ಗೆದ್ದು, ಕೈ ಕೊಟ್ಟು ಬನ್ನಿರಿ.

ಮುಂದಿನ ಜಾತ್ರೆಯಲ್ಲಿ ನಮ್ಮ ಹುಡುಗರು ಕಣಕ್ಕಿಳಿದಾಗ ಏನು ಮಾಡಬೇಕೆಂಬುದನ್ನು ಯಾರೂ ಅವರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಅವರು ಮಣ್ಣು ಮುಟ್ಟುವರು, ಕೈ ಕೂಡಿಸುವರು. ಆ ಕಣದ ಸುತ್ತ ಕುಳಿತು ಶೀಟಿ ಹೊಡೆಯುವ ನಾವು, ಮನೆಗೆ ಬಂದು ಟೀವಿಯ ಮುಂದೆ ಕುಳಿತಾಗಲೂ ಆ ಪಾಠವನ್ನು ಮರೆಯದಿದ್ದರೆ ಸಾಕು.