ಹಾಲುಹಲ್ಲು ತಾನೆ ಅಂತ ಬಿಡಬೇಡಿ

‘ಬಾಯಿ ತೆಗೀತೀಯೋ ಇಲ್ವೋ? ಇಲ್ಲಾಂದ್ರೆ ಹಲ್ಲು ಡಾಕ್ಟರ್ ಹತ್ರ ಕರ್ಕೊಂಡು ಹೋಗಿ ಸೂಜಿ ಚುಚ್ಚಿಸ್ತೀನಿ ನೋಡು!’

ಬೆಳಗಿನ ಗಡಿಬಿಡಿಯಲ್ಲಿ ಮಕ್ಕಳಿಗೆ ಹಲ್ಲುಜ್ಜಿಸುವಾಗ ಈ ಮಾತು ಆಡದ ಅಮ್ಮಂದಿರು ಕಡಿಮೆ. ನಾನೂ ಆಡಿದವಳೇ. ಅದರ ಫಲ ಗೊತ್ತಾಗಿದ್ದು ಮಗಳಿಗೆ ನಾಲ್ಕು ತುಂಬಿದಾಗ. ಒಂದು ರಾತ್ರಿ ಕೆನ್ನೆ ಊದಿಕೊಂಡು ಬೆಳಗಿನವರೆಗೂ ಅತ್ತಳು. ಮರುದಿನ ದಂತವೈದ್ಯರ ಕುರ್ಚಿಯಲ್ಲಿ ನಾನು, ಅವರಪ್ಪ, ನರ್ಸಮ್ಮ ಮೂವರೂ ಸೇರಿ ಅವಳನ್ನು ಹಿಡಿದುಕೊಳ್ಳಬೇಕಾಯಿತು. ಹಲ್ಲು ಹೋಯಿತು, ಹೆದರಿಕೆ ಹೋಗಲಿಲ್ಲ. ಆಮೇಲೆ ಬಿಳಿ ಕೋಟು ಕಂಡರೆ ಸಾಕು, ನನ್ನ ಸೆರಗಿನ ಹಿಂದೆ ಅಡಗುತ್ತಿದ್ದಳು. ವೈದ್ಯರನ್ನೇ ಗುಮ್ಮನನ್ನಾಗಿ ಮಾಡಿಟ್ಟು, ನೋವು ಬಂದ ಮೇಲೆ ಆ ಗುಮ್ಮನ ಹತ್ತಿರವೇ ಕರೆದೊಯ್ದರೆ ಮಗು ಇನ್ನೇನು ಮಾಡೀತು?

‘ಹಾಲುಹಲ್ಲು ತಾನೆ, ಹೇಗೂ ಬಿದ್ದುಹೋಗುತ್ತೆ ಬಿಡಿ’ ಅನ್ನುವುದು ನಮ್ಮ ಮನೆಗಳ ಹಳೇ ಸಮಾಧಾನ. ಬಿದ್ದ ಹಲ್ಲನ್ನು ಸಗಣಿ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುವ ಸಂಭ್ರಮ ಸರಿಯೇ. ಆದರೆ 20 ಹಾಲುಹಲ್ಲುಗಳೂ ಒಟ್ಟಿಗೆ ಬೀಳುವುದಿಲ್ಲವಲ್ಲ! ಮುಂದಿನವು ಆರೇಳು ವರ್ಷಕ್ಕೆ ಅಲ್ಲಾಡಿದರೆ, ಹಿಂದಿನ ದವಡೆಹಲ್ಲುಗಳು 10ರಿಂದ 12 ವರ್ಷದವರೆಗೂ ಇರಬೇಕಾದವು. ನಾಲ್ಕನೇ ವರ್ಷಕ್ಕೇ ಹುಳುಕಾದರೆ ಇನ್ನೂ ಆರೆಂಟು ವರ್ಷ ಮಗು ಊಟ ಮಾಡಬೇಕಾದದ್ದು ಅದರಲ್ಲೇ. ಅವಧಿಗೆ ಮುಂಚೆ ಕೀಳಿಸಿದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲಿ, ಮುಂದೆ ಬರುವ ಶಾಶ್ವತ ಹಲ್ಲು ಸೊಟ್ಟಗಾಗಬಹುದು. ಇನ್ನೊಂದು ವಿಷಯ. ಆರನೇ ವರ್ಷದ ಸುಮಾರಿಗೆ, ಯಾವ ಹಲ್ಲೂ ಬೀಳದೆ, ಎಲ್ಲಕ್ಕಿಂತ ಹಿಂದೆ ಹೊಸದಾಗಿ ಹುಟ್ಟುವ ದವಡೆಹಲ್ಲು ಹಾಲುಹಲ್ಲಲ್ಲ, ಶಾಶ್ವತವಾದದ್ದು. ಅದು ಕೆಟ್ಟರೆ ಬದಲಿಗೆ ಬೇರೆ ಬರುವುದಿಲ್ಲ.

ಹಾಗಾದರೆ ಯಾವಾಗ ಕರೆದೊಯ್ಯಬೇಕು? ಮೊದಲ ಹಲ್ಲು ಮೂಡಿದ ಆರು ತಿಂಗಳೊಳಗೆ, ತಡವೆಂದರೆ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಎನ್ನುತ್ತಾರೆ ಮಕ್ಕಳ ದಂತವೈದ್ಯರು. ‘ಇರೋ ನಾಲ್ಕು ಹಲ್ಲಿಗೆ ಡಾಕ್ಟರಾ?’ ಅಂತ ಅತ್ತೆಯವರು ನಗಬಹುದು. ನಗಲಿ ಬಿಡಿ.

ಆ ಮೊದಲ ಭೇಟಿಯಲ್ಲಿ ಸಾಮಾನ್ಯವಾಗಿ ಸೂಜಿಯೂ ಇಲ್ಲ, ಗುಂಯ್‌ಗುಡುವ ಯಂತ್ರವೂ ಇಲ್ಲ. ನೀವೂ ವೈದ್ಯರೂ ಮಂಡಿಗೆ ಮಂಡಿ ತಾಗುವಂತೆ ಎದುರುಬದುರು ಕೂರುತ್ತೀರಿ. ಮಗು ನಿಮ್ಮ ಕಡೆ ಮುಖ ಮಾಡಿ ನಿಮ್ಮ ಮಡಿಲಲ್ಲಿ ಕೂತು, ನಿಧಾನಕ್ಕೆ ಹಿಂದೆ ಒರಗಿ ತಲೆಯನ್ನು ವೈದ್ಯರ ತೊಡೆಯ ಮೇಲಿಡುತ್ತದೆ. ಕೈಗಳು ನಿಮ್ಮ ಕೈಯಲ್ಲಿ, ಕಣ್ಣಿಗೆ ಕಾಣುವುದು ನಿಮ್ಮ ಮುಖ. ಪುಟ್ಟ ಕನ್ನಡಿ ಹಿಡಿದು ನೋಡುವುದಕ್ಕೆ ಹೆಚ್ಚೆಂದರೆ ಎರಡು ಮೂರು ನಿಮಿಷ. ಮಗು ಅಳಬಹುದು. ಗಾಬರಿ ಬೇಡ, ಅತ್ತಾಗ ಬಾಯಿ ಚೆನ್ನಾಗಿಯೇ ತೆರೆಯುತ್ತದೆ! ನನ್ನ ಎರಡನೆಯವನು ಅಳಲಿಲ್ಲ, ವೈದ್ಯರ ಬೆರಳು ಕಚ್ಚಿದ. ಆರು ತಿಂಗಳಿಗೊಮ್ಮೆ ಅವನ ಜೊತೆ ಬಂದು ಬಾಗಿಲಲ್ಲೇ ನಿಲ್ಲುತ್ತಿದ್ದ ಅಕ್ಕ, ಮೂರನೇ ಸಲ ತಾನೇ ಕುರ್ಚಿ ಹತ್ತಿದಳು.

ವೈದ್ಯರು ಮುಖ್ಯವಾಗಿ ಹುಡುಕುವುದು ಮೇಲಿನ ಮುಂಬಲ್ಲುಗಳಲ್ಲಿ, ವಸಡಿನ ಅಂಚಿಗೆ ಮೂಡುವ ಸುಣ್ಣದಂಥ ಬಿಳಿ ಗೆರೆಗಳನ್ನು. ಹುಳುಕು ಶುರುವಾಗುವುದೇ ಅಲ್ಲಿ. ಆ ಹಂತದಲ್ಲಿ ಗೊತ್ತಾದರೆ ಫ್ಲೋರೈಡ್ ಲೇಪನ, ಉಜ್ಜುವ ಕ್ರಮ, ಊಟದ ಬದಲಾವಣೆಯಿಂದಲೇ ತಡೆಯಬಹುದು. ಗುಳಿ ಬಿದ್ದ ಮೇಲೆ ಅದು ತಾನಾಗಿ ಮುಚ್ಚುವುದಿಲ್ಲ.

ನಂತರದ ಪ್ರಶ್ನೆಗಳು ನಿಮಗೆ. ರಾತ್ರಿ ಬಾಯಲ್ಲಿ ಬಾಟಲಿ ಇಟ್ಟುಕೊಂಡೇ ಮಲಗುತ್ತದೆಯೇ? ಹಾಲಿಗೆ ಸಕ್ಕರೆ, ರಾಗಿ ಸರಿಗೆ ಬೆಲ್ಲ ಎಷ್ಟು? ಸಿಹಿ ಸಿರಪ್ಪು ದಿನಾ ಕುಡಿಸುತ್ತೀರಾ? ಕುಡಿಯುವ ನೀರು ಯಾವುದು? ಪಾವಗಡ, ಕೋಲಾರದ ಕಡೆಯ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ನೀರಿನ ವಿಚಾರ ಮುಚ್ಚಿಡಬೇಡಿ. ಬೈಯುತ್ತಾರೆಂದು ಬಾಟಲಿಯ ವಿಷಯವನ್ನೂ ಮುಚ್ಚಿಡಬೇಡಿ. ಮಗುವಿನ ಹಲ್ಲು ಹುಳುಕಾದರೆ ಮನೆಮಂದಿಯೆಲ್ಲ ತಾಯಿಯ ಕಡೆ ಬೆರಳು ತೋರಿಸುವುದು ನಮ್ಮಲ್ಲಿ ಇದ್ದದ್ದೇ. ಆದರೆ ಸಂಜೆ ಚಾಕೊಲೇಟ್ ಹಿಡಿದು ಬರುವವರು ಅಪ್ಪನೋ ತಾತನೋ ಆಗಿರುತ್ತಾರೆ. ಸಾಧ್ಯವಾದರೆ ಅವರನ್ನೂ ಕರೆದುಕೊಂಡು ಹೋಗಿ, ಆ ಮಾತನ್ನು ಅವರೇ ಕೇಳಿಸಿಕೊಳ್ಳಲಿ.

ಪೇಸ್ಟಿನ ಅಳತೆಯನ್ನೂ ಅಲ್ಲೇ ಕೇಳಿಕೊಳ್ಳಿ. ಫ್ಲೋರೈಡ್ ಇರುವ ಪೇಸ್ಟು ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿ ಕಾಳಿನಷ್ಟು ಸಾಮಾನ್ಯ ಲೆಕ್ಕ. ಜಾಹೀರಾತಿನಲ್ಲಿ ತೋರಿಸುವಂತೆ ಬ್ರಷ್ಷಿನ ಉದ್ದಕ್ಕೂ ಅಲ್ಲ. ಏಳೆಂಟು ವರ್ಷದವರೆಗೆ ಕೊನೆಯ ಸುತ್ತು ನೀವೇ ಉಜ್ಜಿ.

ಹೋಗುವ ದಿನ ಮಗು ಉಂಡು, ನಿದ್ದೆ ಮಾಡಿ ಗೆಲುವಾಗಿರುವ ಹೊತ್ತು ಆರಿಸಿಕೊಳ್ಳಿ. ಮೂರು ನಾಲ್ಕು ವರ್ಷದ ಮಗುವಾದರೆ ‘ನೋವಾಗಲ್ಲ ಪುಟ್ಟಾ’ ಅನ್ನಬೇಡಿ, ಅದಕ್ಕೆ ಕೇಳಿಸುವುದು ‘ನೋವು’ ಮಾತ್ರ. ‘ಡಾಕ್ಟರ್ ಮಾಮ ನಿನ್ನ ಹಲ್ಲು ಎಣಿಸ್ತಾರಂತೆ’ ಅಂದರೆ ಸಾಕು. ಖರ್ಚಿನ ಚಿಂತೆಯಿದ್ದರೆ ಹತ್ತಿರದ ದಂತ ಕಾಲೇಜಿನಲ್ಲಿ ಮಕ್ಕಳ ದಂತ ವಿಭಾಗ ವಿಚಾರಿಸಿ. ಸಾಮಾನ್ಯವಾಗಿ ಅಲ್ಲಿ ಶುಲ್ಕ ಕಡಿಮೆ. ಮುಂದಿನ ಭೇಟಿಯ ತಾರೀಕನ್ನು ಮಗುವಿನ ಚುಚ್ಚುಮದ್ದಿನ ಕಾರ್ಡಿನಲ್ಲೇ ಬರೆದಿಟ್ಟುಕೊಳ್ಳಿ, ಬೇರೆ ಚೀಟಿ ಕಳೆದುಹೋಗುತ್ತದೆ.